ಹಿಡಿದನೋ ಬಿಟ್ಟನೋ: ರೀಪ್ಲೇ ಬಂದ ಮೇಲೆ ಅಮೆರಿಕನ್ ಫುಟ್‌ಬಾಲ್ ತೀರ್ಪುಗಳು ಎಲ್ಲಿಗೆ ಬಂದಿವೆ?

ತುಮಕೂರು ಟು ಟೆಕ್ಸಸ್:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿದ್ದ ವಿಷಯ. ಇವತ್ತು ಬರೆದೇ ಬಿಡೋಣ ಅಂತ ಕೂತಿದ್ದೇನೆ.

2015ರ ಜನವರಿ 11. ನಾನು ಡಲ್ಲಸ್‌ಗೆ ಬಂದು ಒಂದೂವರೆ ವರ್ಷ ಆಗಿತ್ತು. ಗೆಳೆಯರ ಮನೆ ಹಾಲ್‌ನಲ್ಲಿ ಹನ್ನೆರಡು ಜನ ಸೇರಿದ್ದೆವು. ಗ್ರೀನ್ ಬೇಯ ಲ್ಯಾಂಬೋ ಫೀಲ್ಡ್‌ನಲ್ಲಿ ಕೌಬಾಯ್ಸ್ ಆಟ. ನಮ್ಮವರು 26-21ರಲ್ಲಿ ಹಿಂದೆ, ಐದು ನಿಮಿಷವೂ ಉಳಿದಿಲ್ಲ. ನಾಲ್ಕನೇ ಡೌನ್ (ಹತ್ತು ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಅವಕಾಶದಲ್ಲಿ ಕೊನೆಯದು), 2 ಯಾರ್ಡ್ ಬೇಕು. ಟೋನಿ ರೋಮೋ ಎಡಗಡೆಗೆ ಉದ್ದಕ್ಕೆ ಎಸೆದ. ಡೆಜ್ ಬ್ರಯಂಟ್ ಡಿಫೆಂಡರ್ ತಲೆ ಮೇಲಿಂದ ಎಗರಿ ಚೆಂಡು ಕಿತ್ತುಕೊಂಡ. ಕಾಲು ನೆಲಕ್ಕೆ ಬಂತು. ಒಂದು ಹೆಜ್ಜೆ, ಎರಡು, ಮೂರು. ಬೀಳುತ್ತಾ ಬೀಳುತ್ತಾ ಗೋಲ್ ಗೆರೆ ಕಡೆ ಕೈ ಚಾಚಿದ. ಚೆಂಡು ಹುಲ್ಲಿಗೆ ತಗುಲಿ ಚಿಮ್ಮಿತು, ಮತ್ತೆ ಅವನ ಕೈಗೇ ಬಂತು. ಮೈದಾನದಲ್ಲಿದ್ದವರು ಹಿಡಿದ ಅಂದರು. ನಾವೆಲ್ಲ ಸೋಫಾ ಹತ್ತಿ ನಿಂತಿದ್ದೆವು.

ಗ್ರೀನ್ ಬೇ ಕೋಚ್, ತೀರ್ಪನ್ನು ಮತ್ತೆ ನೋಡಿ ಅಂತ, ಕೆಂಪು ಬಾವುಟ ಎಸೆದರು. ರೆಫರಿ ಜೀನ್ ಸ್ಟೆರಟೋರ್ ಪರದೆ ಹಾಕಿದ ಪೆಟ್ಟಿಗೆಯೊಳಗೆ ತಲೆ ಹಾಕಿ ನೋಡಿದರು, ಹೊರಗೆ ಬಂದರು, ಹಿಡಿದಿಲ್ಲ ಅಂದರು. ನಮ್ಮ ಹಾಲ್‌ನಲ್ಲಿ ಒಬ್ಬರೂ ಮಾತಾಡಲಿಲ್ಲ.

ಆಮೇಲೆ ನಿಯಮ ಓದಿದೆ. ಆಗಿನ ನಿಯಮದ ಪ್ರಕಾರ ಆ ತೀರ್ಪು ಸರಿ. ಬೀಳುತ್ತಾ ಹಿಡಿಯುವವನು ನೆಲ ಮುಟ್ಟಿ ಮುಗಿಯುವವರೆಗೂ ಚೆಂಡನ್ನು ಬಿಡಬಾರದು ಅಂತ ಇತ್ತು. ಆದರೆ ಹತ್ತು ವರ್ಷದ ಹುಡುಗನಿಗೆ ತೋರಿಸಿದರೂ ‘ಹಿಡಿದ’ ಅನ್ನುವುದನ್ನು ನಿಯಮ ‘ಇಲ್ಲ’ ಅನ್ನುವುದು ಹೇಗೆ?

ನನ್ನ ಮಾತು ಇಷ್ಟು. ರೀಪ್ಲೇ ಬಂದದ್ದು ರೆಫರಿಯ ಕಣ್ತಪ್ಪು ತಿದ್ದಲು. ಆದರೆ ಕ್ಯಾಮೆರಾ ನಿಧಾನವಾಗಿ ನೋಡಲು ಶುರು ಮಾಡಿದ ಮೇಲೆ, ‘ಹಿಡಿಯುವುದು’ ಅಂದರೆ ಏನು ಅನ್ನುವುದೇ ಬದಲಾಗಿ ಹೋಯಿತು. ನಿಯಮವನ್ನು ಕಣ್ಣಿಗಾಗಿ ಬರೆಯುವುದು ಬಿಟ್ಟು ಕ್ಯಾಮೆರಾಗಾಗಿ ಬರೆಯಲು ಶುರು ಮಾಡಿದರು. ನಿಮಗೆ ಏನನ್ನಿಸುತ್ತದೆ?

ಹಳೇ ಪೇಪರ್:

ಒಳ್ಳೆ ವಿಷಯ ಎತ್ತಿದ್ದೀರಿ. ಹಿಂದಿನ ಕಥೆ ಸ್ವಲ್ಪ ಹೇಳುತ್ತೇನೆ, ಅದಿಲ್ಲದೆ ಈ ಚರ್ಚೆ ಅರ್ಧ ಆಗುತ್ತದೆ.

ಟೀವಿಯಲ್ಲಿ ರೀಪ್ಲೇ ಮೊದಲು ಬಂದದ್ದು 1963ರ ಡಿಸೆಂಬರ್ 7ರಂದು, ಆರ್ಮಿ-ನೇವಿ ಆಟದಲ್ಲಿ. ಸಿಬಿಎಸ್ ಚಾನೆಲ್‌ನ ಟೋನಿ ವರ್ನಾ ಒಂದು ಟಚ್‌ಡೌನನ್ನು (ಚೆಂಡನ್ನು ಗೋಲ್ ಗೆರೆ ದಾಟಿಸಿ ಅಂಕ ಪಡೆಯುವುದು) ಎರಡನೇ ಸಲ ತೋರಿಸಿದರು. ಆರ್ಮಿ ಮತ್ತೆ ಟಚ್‌ಡೌನ್ ಮಾಡಿಲ್ಲ, ಇದು ಆಗಲೇ ನಡೆದದ್ದು ಅಂತ ಕಾಮೆಂಟ್ರಿಯವರು ಜನರಿಗೆ ಬಿಡಿಸಿ ಹೇಳಬೇಕಾಯಿತು. ಅವತ್ತಿಂದ ಮನೆಯಲ್ಲಿ ಕೂತವನಿಗೆ ರೆಫರಿಗಿಂತ ಜಾಸ್ತಿ ಕಾಣಿಸಲು ಶುರುವಾಯಿತು. ಜಗಳದ ಬೇರು ಅಲ್ಲಿದೆ.

1972ರ ಡಿಸೆಂಬರ್ 23, ಪಿಟ್ಸ್‌ಬರ್ಗ್. ಫ್ರಾಂಕೋ ಹ್ಯಾರಿಸ್ ನೆಲಕ್ಕೆ ಬೀಳುವ ಚೆಂಡನ್ನು ಕಾಲಿನ ಹತ್ತಿರ ಎತ್ತಿಕೊಂಡು ಓಡಿದ ಆಟ. ಆ ಚೆಂಡು ಮೊದಲು ಯಾರಿಗೆ ತಗುಲಿತು ಅನ್ನುವುದರ ಮೇಲೆ ಎಲ್ಲ ನಿಂತಿತ್ತು. ಬರೀ ಹ್ಯಾರಿಸ್ ತಂಡದವನಿಗೇ ತಗುಲಿದ್ದರೆ ಆಗಿನ ನಿಯಮದಲ್ಲಿ ಅದು ನಡೆಯುವ ಹಾಗಿರಲಿಲ್ಲ. ರೆಫರಿ ಫ್ರೆಡ್ ಸ್ವೇರಿಂಜನ್ ಮೈದಾನದಿಂದಲೇ ಮೇಲೆ ಕೂತಿದ್ದ ಆರ್ಟ್ ಮೆಕ್‌ನಲಿಗೆ ಫೋನ್ ಮಾಡಿದರು. ಟೀವಿ ನೋಡಿ ತೀರ್ಮಾನ ಮಾಡಿದರು ಅಂತ ಅವತ್ತಿಂದ ಗುಮಾನಿ. ಆಟ ನಡೆಸುವ ಎನ್‌ಎಫ್‌ಎಲ್ ಲೀಗ್ ಅದನ್ನು ಒಪ್ಪಲಿಲ್ಲ. ಈಗ ನ್ಯೂಯಾರ್ಕ್‌ನಲ್ಲಿ ರೀಪ್ಲೇ ನೋಡುವ ಕೋಣೆಗೆ ಇಟ್ಟಿರುವುದು ಅದೇ ಮೆಕ್‌ನಲಿ ಹೆಸರು. 2022ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ತೀರ್ಪುಗಾರರೂ ಅವರೇ.

ನಿಯಮವಾಗಿ ರೀಪ್ಲೇ ಬಂದದ್ದು 1986ರಲ್ಲಿ. ಆಗ ಕೋಚ್ ಚಾಲೆಂಜ್ ಇರಲಿಲ್ಲ. ಮೇಲಿನ ಬೂತ್‌ನಲ್ಲಿ ಒಬ್ಬರು ಕೂತು, ಟೇಪ್ ತಿರುಗಿಸಿ ನೋಡಿ, ವಾಕಿಟಾಕಿಯಲ್ಲಿ ಕೆಳಗೆ ಹೇಳಬೇಕಿತ್ತು. ಮೊದಲ ವರ್ಷವೇ ರೈಡರ್ಸ್-ಚೀಫ್ಸ್ ಆಟದಲ್ಲಿ ಮೇಲಿನಿಂದ ‘ಇನ್‌ಕಂಪ್ಲೀಟ್’ ಅಂದದ್ದು ಕೆಳಗೆ ‘ಕಂಪ್ಲೀಟ್’ ಅಂತ ಕೇಳಿಸಿತು. ಇಲ್ಲದ ಟಚ್‌ಡೌನ್ ಲೆಕ್ಕಕ್ಕೆ ಬಂತು. ಮಷೀನು ಸರಿ ನೋಡಿತ್ತು, ಕಿವಿ ತಪ್ಪಿತು.

1989ರ ನವೆಂಬರ್ 5ರದ್ದು ಇನ್ನೊಂದು. ಗ್ರೀನ್ ಬೇ, ಶಿಕಾಗೋ. ನಾಲ್ಕನೇ ಡೌನ್‌ನಲ್ಲಿ ಡಾನ್ ಮಜ್ಕೌಸ್ಕಿ ಎಸೆದ ಚೆಂಡನ್ನು ಸ್ಟರ್ಲಿಂಗ್ ಶಾರ್ಪ್ ಹಿಡಿದ. ಆಟ ಶುರುವಾದ ಗೆರೆ ದಾಟಿ ಎಸೆದ ಅಂತ, ತಪ್ಪು ತೋರಿಸುವ ಹಳದಿ ಬಾವುಟ ಬಿತ್ತು. ನಿಮಿಷಗಟ್ಟಲೆ ಟೇಪ್ ನೋಡಿ, ದಾಟಿಲ್ಲ ಅಂದರು. ಗ್ರೀನ್ ಬೇ 14-13ರಲ್ಲಿ ಗೆದ್ದಿತು. ಶಿಕಾಗೋದವರು ತಮ್ಮ ಅಧಿಕೃತ ಕೈಪಿಡಿಯಲ್ಲಿ ಆ ಸೋಲಿನ ಪಕ್ಕ ವರ್ಷಗಟ್ಟಲೆ ಒಂದು ಚುಕ್ಕಿ ಗುರುತು ಹಾಕಿ ಇಟ್ಟಿದ್ದರು!

1992ರಲ್ಲಿ ತಂಡಗಳ ಮಾಲೀಕರ ಮತಕ್ಕೆ ಹಾಕಿದಾಗ ರೀಪ್ಲೇ ಬೇಕು ಅಂದವರು 17, ಬೇಡ ಅಂದವರು 11. ಉಳಿಸಲು 21 ಬೇಕಿತ್ತು. ಹೋಯಿತು.

ಏಳು ವರ್ಷ ರೀಪ್ಲೇ ಇಲ್ಲದೆ ನಡೆಯಿತು. ವಾಪಸ್ ತಂದದ್ದು ಒಂದು ಹೆಲ್ಮೆಟ್. 1998ರ ಡಿಸೆಂಬರ್ 6, ಜೆಟ್ಸ್ ಮತ್ತು ಸೀಹಾಕ್ಸ್. ವಿನ್ನಿ ಟೆಸ್ಟವರ್ಡೆ ನುಗ್ಗಿ ಬಿದ್ದ. ಗೋಲ್ ಗೆರೆ ದಾಟಿದ್ದು ಅವನ ಬಿಳಿ ಹೆಲ್ಮೆಟ್, ಚೆಂಡು ಹಿಂದೆಯೇ ಇತ್ತು. ಟಚ್‌ಡೌನ್ ಕೊಟ್ಟರು. ಜೆಟ್ಸ್ 32-31. ಮನೆಯಲ್ಲಿ ಕೂತ ಎಲ್ಲರಿಗೂ ಅದು ಕಂಡಿತ್ತು. ಮುಂದಿನ ವರ್ಷ 28-3 ಮತಗಳಿಂದ ರೀಪ್ಲೇ ವಾಪಸ್ ಬಂತು, ಈ ಸಲ ಕೋಚ್‌ಗಳ ಕೆಂಪು ಬಾವುಟದ ಜೊತೆ.

ಹಾಸನದ ಹೊಸಬ:

ಸರ್, ನಾನು ಈಗಷ್ಟೇ ಈ ಆಟ ನೋಡಲು ಶುರು ಮಾಡಿದವನು. ಕೆಂಪು ಬಾವುಟ ಯಾವಾಗ ಬೇಕಾದರೂ ಎಸೆಯಬಹುದಾ? ಕೆಲವು ಸಲ ಯಾರೂ ಎಸೆಯದೆಯೇ ಆಟ ನಿಲ್ಲಿಸಿ ನೋಡುತ್ತಾರಲ್ಲ, ಅದು ಯಾಕೆ?

ತುಮಕೂರು ಟು ಟೆಕ್ಸಸ್:

ಇಲ್ಲ ತಮ್ಮಾ. ಒಬ್ಬ ಕೋಚ್‌ಗೆ ಒಂದು ಆಟದಲ್ಲಿ ಎರಡು ಚಾಲೆಂಜ್. ಸೋತರೆ ಒಂದು ಟೈಮ್‌ಔಟ್ ಹೋಗುತ್ತದೆ. ಟೈಮ್‌ಔಟ್ ಉಳಿದಿಲ್ಲ ಅಂದರೆ ಬಾವುಟವೂ ಇಲ್ಲ. ಮೊದಲು ಎರಡೂ ಗೆದ್ದರೆ ಮಾತ್ರ ಮೂರನೆಯದು ಸಿಗುತ್ತಿತ್ತು. 2024ರಿಂದ ಒಂದು ಗೆದ್ದರೂ ಸಾಕು. ಪ್ರತಿ ಅರ್ಧದ ಕೊನೆಯ ಎರಡು ನಿಮಿಷದಲ್ಲಿ ಕೋಚ್ ಕೇಳುವ ಹಾಗಿಲ್ಲ, ಮೇಲಿನವರೇ ನೋಡುತ್ತಾರೆ. 2011ರಿಂದ ಅಂಕ ಬಂದ ಪ್ರತಿ ಆಟವನ್ನು, 2012ರಿಂದ ಚೆಂಡು ಎದುರಾಳಿಗೆ ಹೋದ ಪ್ರತಿ ಆಟವನ್ನು ಅವರೇ ಪರಿಶೀಲಿಸುತ್ತಾರೆ. ನೀನು ನೋಡಿದ್ದು ಅದೇ ಇರಬೇಕು.

ಗೆರೆ ಮೇಲೆ ನಿಂತವಳು:

ನಾನು ನ್ಯೂಜೆರ್ಸಿಯಲ್ಲಿ ಶನಿವಾರ ಬೆಳಗ್ಗೆ ಮಕ್ಕಳ ಆಟಗಳಿಗೆ ಲೈನ್ ಜಡ್ಜ್ ಆಗಿ ನಿಲ್ಲುತ್ತೇನೆ. ಆರು ವರ್ಷ ಆಯಿತು. ನಮಗೆ ರೀಪ್ಲೇ ಇಲ್ಲ, ಅಪ್ಪ-ಅಮ್ಮಂದಿರ ಫೋನ್ ಇದೆ ಅಷ್ಟೇ. ಗೆರೆ ಮೇಲೆ ನಿಂತರೆ ಏನು ಕಾಣಿಸುತ್ತದೆ ಅಂತ ಹೇಳುತ್ತೇನೆ.

ಚೆಂಡು ಗೋಲ್ ಗೆರೆಗೆ ಮೂರು ಯಾರ್ಡ್ ಇದೆ ಅಂದುಕೊಳ್ಳಿ. ಸ್ನ್ಯಾಪ್ ಆದ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾದ) ತಕ್ಷಣ ನಾನು ಗೋಲ್ ಗೆರೆಗೆ ಓಡಿ ಅದರ ಮೇಲೆ ಎರಡು ಕಾಲೂ ಇಟ್ಟು ನಿಲ್ಲಬೇಕು. ಒಂದು ಹೆಜ್ಜೆ ಆ ಕಡೆ ಈ ಕಡೆ ಆದರೂ ಚೆಂಡು ಗೆರೆ ದಾಟಿದ ಹಾಗೆ ಸುಳ್ಳೇ ಕಾಣಿಸುತ್ತದೆ. ಎದುರಿಗೆ ಹತ್ತು ಹದಿನೈದು ಮೈಗಳ ಗುಡ್ಡೆ. ಚೆಂಡು ಹೊಟ್ಟೆಯ ಕೆಳಗೆ. ನನಗೆ ಕಾಣುವುದು ಒಂದು ಮೊಣಕಾಲು, ಒಂದು ಹೆಲ್ಮೆಟ್, ಒಂದು ಜೊತೆ ಬೂಟು. ಮೊಣಕಾಲು ನೆಲಕ್ಕೆ ಬಿದ್ದಾಗ ಚೆಂಡು ಎಲ್ಲಿತ್ತು ಅಂತ ಅಂದಾಜು ಮಾಡಿ, ಆ ಜಾಗಕ್ಕೆ ಕಾಲು ಇಟ್ಟು ಓಡಿ ಬರಬೇಕು. ಟೆಸ್ಟವರ್ಡೆ ಹೆಲ್ಮೆಟ್ ನೋಡಿ ಕೈ ಎತ್ತಿದವರ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಡಿಸೆಂಬರ್ ಸಂಜೆ ಆ ಗುಡ್ಡೆಯಲ್ಲಿ ಬೆಳ್ಳಗೆ ದುಂಡಗೆ ಕಂಡದ್ದು ಅದೊಂದೇ.

ರೀಪ್ಲೇ ಬಂದ ಮೇಲೆ ದೊಡ್ಡ ಆಟದಲ್ಲಿ ನಿಜವಾಗಿ ಬದಲಾದದ್ದು ಸೀಟಿ. ಎರಡನೇ ವರ್ಷ ನಾನು ಒಂದು ತಪ್ಪು ಮಾಡಿದೆ. ಹನ್ನೆರಡು ವರ್ಷದವರ ಆಟ. ಓಡುತ್ತಿದ್ದ ಹುಡುಗ ಬಿದ್ದ ಅಂದುಕೊಂಡು ಸೀಟಿ ಊದಿದೆ. ಅವನು ಬಿದ್ದಿರಲಿಲ್ಲ. ಅವನ ಕೈಯಿಂದ ಚೆಂಡು ಮೊದಲೇ ಜಾರಿತ್ತು, ಎದುರು ತಂಡದ ಹುಡುಗ ಅದನ್ನು ಎತ್ತಿಕೊಂಡು ಗೋಲ್ ಗೆರೆವರೆಗೂ ಓಡಿದ. ಸೀಟಿ ಬಿದ್ದ ಮೇಲೆ ಆಟ ಸತ್ತ ಹಾಗೆ. ಓಡಿದ್ದು ಲೆಕ್ಕಕ್ಕಿಲ್ಲ. ಆ ಮಗು ನನ್ನ ಮುಖ ನೋಡಿದ್ದು ಇವತ್ತಿಗೂ ನೆನಪಿದೆ.

ವೃತ್ತಿಪರ ಆಟದಲ್ಲೂ ಹಾಗೇ. ತಪ್ಪು ತೀರ್ಪನ್ನು ಕ್ಯಾಮೆರಾ ತಿದ್ದಬಹುದು, ಬೇಗ ಊದಿದ ಸೀಟಿಯನ್ನು ತಿದ್ದುವುದು ಬಹಳ ಕಷ್ಟ. ಸೀಟಿ ಕೇಳಿ ಎಲ್ಲರೂ ನಿಂತುಬಿಟ್ಟರೆ ಮುಂದೆ ಏನಾಗುತ್ತಿತ್ತು ಅಂತ ಯಾರು ಹೇಳುತ್ತಾರೆ? ಅದಕ್ಕೇ ಈಗ ಅವರು ಅನುಮಾನ ಇದ್ದರೆ ಊದುವುದಿಲ್ಲ. ಫಂಬಲ್ (ಕೈಯಿಂದ ಚೆಂಡು ಜಾರಿದ್ದು) ಹೌದೋ ಅಲ್ಲವೋ ಅನ್ನುವ ಕಡೆಯೆಲ್ಲ ಆಟ ಪೂರ್ತಿ ಓಡಲು ಬಿಟ್ಟು, ಆಮೇಲೆ ನೋಡುತ್ತಾರೆ. ಗಮನಿಸಿ ನೋಡಿ, ಈಚೆಗೆ ಎಷ್ಟೋ ಆಟದಲ್ಲಿ ಎಲ್ಲರೂ ಸುಮ್ನೆ ಓಡುತ್ತಲೇ ಇರುತ್ತಾರೆ. ರೀಪ್ಲೇ ತೀರ್ಪನ್ನಷ್ಟೇ ಅಲ್ಲ, ತೀರ್ಪು ಕೊಡುವವರ ಉಸಿರಾಟವನ್ನೇ ಬದಲಾಯಿಸಿದೆ.

ಮೈಸೂರು ಮೇಷ್ಟ್ರು:

ಅಮ್ಮಾ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಾನು ಮೈಸೂರಿನಲ್ಲಿ ಬಹಳ ವರ್ಷ ಲೀಗ್ ಕ್ರಿಕೆಟ್‌ಗೆ ಅಂಪೈರ್ ಆಗಿ ನಿಂತವನು. ಮಗಳು ಸಿಯಾಟಲ್‌ನಲ್ಲಿ ಇರುವುದರಿಂದ ಈ ಆಟ ಅಷ್ಟಿಷ್ಟು ನೋಡಿದ್ದೇನೆ.

‘ಹಳೇ ಪೇಪರ್’ ಹೇಳಿದ 1992 ನೋಡಿ ಬೆರಗಾಯಿತು. ಅಮೆರಿಕದವರು ರೀಪ್ಲೇಯನ್ನು ಹೊರಗೆ ಹಾಕಿದ ವರ್ಷವೇ ಕ್ರಿಕೆಟ್ ಅದನ್ನು ಒಳಗೆ ಕರೆಯಿತು! ಆ ವರ್ಷ ನವೆಂಬರ್‌ನಲ್ಲಿ ಡರ್ಬನ್‌ನಲ್ಲಿ ಮೂರನೇ ಅಂಪೈರ್ ತೀರ್ಪಿನಿಂದ ಮೊದಲ ಸಲ ರನ್‌ಔಟ್ ಆದವರು ನಮ್ಮ ಸಚಿನ್.

ನಮ್ಮ ಕುಂಬ್ಳೆಯವರ ಬದುಕಿನಲ್ಲೇ ಈ ಕಥೆಯ ಮುಕ್ಕಾಲು ಪಾಲು ಇದೆ. 2008ರಲ್ಲಿ ಶ್ರೀಲಂಕಾದಲ್ಲಿ ಡಿಆರ್‌ಎಸ್ ಮೊದಲ ಸಲ ಪರೀಕ್ಷೆಗೆ ಬಂದಾಗ ಭಾರತದ ಕ್ಯಾಪ್ಟನ್ ಅವರು. ಆಮೇಲೆ ನಮ್ಮ ಬೋರ್ಡ್ ವರ್ಷಗಟ್ಟಲೆ ಅದನ್ನು ಬೇಡ ಅಂದಿತು. 2016ರಲ್ಲಿ ಇಂಗ್ಲೆಂಡ್ ಎದುರು ಕೊನೆಗೂ ಒಪ್ಪಿದಾಗ ಕೋಚ್ ಅವರು. 2021ರಲ್ಲಿ ‘ಅಂಪೈರ್ಸ್ ಕಾಲ್’ ಉಳಿಯಲಿ ಅಂತ ಐಸಿಸಿ ತೀರ್ಮಾನಿಸಿದಾಗ ಕ್ರಿಕೆಟ್ ಸಮಿತಿಯ ಅಧ್ಯಕ್ಷರೂ ಅವರೇ.

ಅಂಪೈರ್ಸ್ ಕಾಲ್ ಅಂದರೆ, ಚಿತ್ರ ಖಚಿತವಾಗಿ ಹೇಳದಿದ್ದಾಗ ಮೈದಾನದವನ ಮಾತು ನಿಲ್ಲುತ್ತದೆ. ಫುಟ್‌ಬಾಲ್‌ನಲ್ಲೂ ಹಾಗೇ ಇದೆಯಲ್ಲವೇ?

ತುಮಕೂರು ಟು ಟೆಕ್ಸಸ್:

ಹೌದು ಮೇಷ್ಟ್ರೇ. ರೆಫರಿ ಮೈಕ್‌ನಲ್ಲಿ ತೀರ್ಪು ‘ಕನ್ಫರ್ಮ್’ ಆಯಿತು ಅಂದರೆ ಚಿತ್ರವೂ ಅದನ್ನೇ ಹೇಳಿತು ಅಂತ. ‘ಸ್ಟ್ಯಾಂಡ್ಸ್’ ಅಂದರೆ ಚಿತ್ರ ಏನನ್ನೂ ಖಚಿತವಾಗಿ ಹೇಳಲಿಲ್ಲ, ಹಾಗಾಗಿ ಮೈದಾನದ ತೀರ್ಪು ಇದ್ದ ಹಾಗೇ ಇರಲಿ ಅಂತ. ತಿರುಗಿಸಬೇಕಾದರೆ ತಪ್ಪು ಕಣ್ಣಿಗೆ ಹೊಡೆಯುವ ಹಾಗೆ ಕಾಣಬೇಕು. ನನ್ನ ತಕರಾರು ಶುರುವಾಗುವುದೇ ಇಲ್ಲಿ. ಒಂದು ಸೆಕೆಂಡನ್ನು ಅರವತ್ತು ಚೂರು ಮಾಡಿ ನೋಡಿದರೆ ಯಾವ ತಪ್ಪು ತಾನೇ ಕಣ್ಣಿಗೆ ಹೊಡೆಯುವುದಿಲ್ಲ?

ಹೂಸ್ಟನ್ ಹೇಮಾ:

ನಾನು ಒಪ್ಪುವುದಿಲ್ಲ. ನೀವೆಲ್ಲ ರೀಪ್ಲೇ ಜಾಸ್ತಿ ಆಯಿತು ಅನ್ನುತ್ತಿದ್ದೀರಿ. ನನಗೆ ಅದು ಸಾಲದು.

2019ರ ಜನವರಿ 20. ನ್ಯೂ ಆರ್ಲಿಯನ್ಸ್, ಸೇಂಟ್ಸ್ ಮತ್ತು ರ‍್ಯಾಮ್ಸ್, ಗೆದ್ದವರಿಗೆ ಸೂಪರ್ ಬೌಲ್ ಫೈನಲ್. 20-20 ಸಮ. ಎರಡು ನಿಮಿಷಕ್ಕಿಂತ ಕಡಿಮೆ ಉಳಿದಿದೆ. ಡ್ರೂ ಬ್ರೀಸ್ ಬಲಗಡೆ ಟಾಮಿಲೀ ಲೂಯಿಸ್‌ಗೆ ಎಸೆದರು. ಚೆಂಡು ಇನ್ನೂ ಗಾಳಿಯಲ್ಲಿದೆ. ರ‍್ಯಾಮ್ಸ್‌ನ ನಿಕೆಲ್ ರೋಬಿ-ಕೋಲ್ಮನ್ ಓಡಿ ಬಂದು ಅವನನ್ನು ಕೆಡವಿದ. ಚೆಂಡು ನೋಡಲೇ ಇಲ್ಲ. ಹಳದಿ ಬಾವುಟ ಇಲ್ಲ. ಇದನ್ನು ನಿಧಾನಕ್ಕೆ ನೋಡುವ ಅಗತ್ಯವೇ ಇರಲಿಲ್ಲ, ಪೂರ್ತಿ ವೇಗದಲ್ಲೇ ಎಲ್ಲರಿಗೂ ಕಂಡಿತು. ಆದರೆ ಹಾಕದ ಬಾವುಟವನ್ನು ರೀಪ್ಲೇ ನೋಡುವ ಹಾಗಿರಲಿಲ್ಲ. ಸೇಂಟ್ಸ್ 23-26ರಲ್ಲಿ ಸೋತರು. ತಪ್ಪಾಯಿತು ಅಂತ ಲೀಗ್ ಕಚೇರಿಯವರು ಕೋಚ್ ಶಾನ್ ಪೇಟನ್‌ಗೆ ಫೋನಿನಲ್ಲಿ ಒಪ್ಪಿಕೊಂಡರು. ಒಪ್ಪಿಕೊಂಡು ಏನು ಬಂತು?

ನನ್ನ ಟೆಕ್ಸನ್ಸ್ ಗೆದ್ದ ಆಟದ್ದೇ ಇನ್ನೊಂದು ಹೇಳುತ್ತೇನೆ, ಪಕ್ಷಪಾತ ಅನ್ನಬೇಡಿ. 2012ರ ಥ್ಯಾಂಕ್ಸ್‌ಗಿವಿಂಗ್, ಡೆಟ್ರಾಯಿಟ್. ನಮ್ಮ ಜಸ್ಟಿನ್ ಫೋರ್ಸೆಟ್ ಮೊಣಕಾಲು ನೆಲಕ್ಕೆ ತಗುಲಿದ ಮೇಲೂ ಎದ್ದು 81 ಯಾರ್ಡ್ ಓಡಿದ. ಟಚ್‌ಡೌನ್. ಅಂಕ ಬಂದ ಆಟ, ಮೇಲಿನವರು ತಾವಾಗಿಯೇ ನೋಡುತ್ತಿದ್ದರು. ಆದರೆ ಡೆಟ್ರಾಯಿಟ್ ಕೋಚ್ ಜಿಮ್ ಶ್ವಾರ್ಟ್ಸ್ ಸಿಟ್ಟಿನಲ್ಲಿ ಕೆಂಪು ಬಾವುಟ ಎಸೆದುಬಿಟ್ಟರು. ತಾನಾಗಿ ನೋಡುವ ಆಟಕ್ಕೆ ಬಾವುಟ ಎಸೆದರೆ ದಂಡ, ಜೊತೆಗೆ ರೀಪ್ಲೇ ನೋಡುವುದೇ ಇಲ್ಲ ಅಂತ ಆಗ ನಿಯಮ ಇತ್ತು! ಇಡೀ ದೇಶ ಮೊಣಕಾಲು ನೋಡುತ್ತಿತ್ತು, ನೋಡಬೇಕಾದವರು ನೋಡುವ ಹಾಗಿರಲಿಲ್ಲ. ನಾವು ಹೆಚ್ಚುವರಿ ಸಮಯದಲ್ಲಿ 34-31ರಲ್ಲಿ ಗೆದ್ದೆವು. ಮುಂದಿನ ವರ್ಷ ‘ರೀಪ್ಲೇ ನೋಡುವುದೇ ಇಲ್ಲ’ ಅನ್ನುವುದನ್ನು ತೆಗೆದರು. ಅವತ್ತು ಗೆದ್ದ ಖುಷಿ ನನಗೆ ಪೂರ್ತಿ ಆಗಲಿಲ್ಲ, ನಿಜ ಹೇಳುತ್ತಿದ್ದೇನೆ.

ಹಳೇ ಪೇಪರ್:

ಹೇಮಾ ಅವರೇ, ನ್ಯೂ ಆರ್ಲಿಯನ್ಸ್ ಆದ ಮೇಲೆ ನೀವು ಕೇಳಿದ್ದನ್ನೇ ಮಾಡಿದರಲ್ಲ. 2019ರಲ್ಲಿ ಪಾಸ್ ಇಂಟರ್‌ಫಿಯರೆನ್ಸ್ (ಚೆಂಡು ಬರುವ ಮೊದಲೇ ಹಿಡಿಯುವವನನ್ನು ತಡೆಯುವುದು) ಮೇಲೂ ಚಾಲೆಂಜ್ ತಂದರು, ಹಾಕಿದ ಬಾವುಟಕ್ಕೂ ಹಾಕದ ಬಾವುಟಕ್ಕೂ. ಒಂದೇ ವರ್ಷ ನಡೆಯಿತು. ಯಾವ ತಳ್ಳಾಟ ತಪ್ಪು, ಯಾವುದು ಆಟದ ಭಾಗ ಅಂತ ವಾರದಿಂದ ವಾರಕ್ಕೆ ಯಾರಿಗೂ ಗೊತ್ತಾಗಲಿಲ್ಲ. ಕೋಚ್‌ಗಳೂ ಬೇಸತ್ತರು. 2020ರಲ್ಲಿ ಕೈಬಿಟ್ಟರು.

ಮೊಣಕಾಲು ನೆಲ ಮುಟ್ಟಿತೋ ಇಲ್ಲವೋ ಅನ್ನುವುದು ಕ್ಯಾಮೆರಾ ಹೇಳುವ ವಿಷಯ. ಕೈ ಹಿಡಿದದ್ದು ಜಾಸ್ತಿ ಆಯಿತೋ ಇಲ್ಲವೋ ಅನ್ನುವುದು ಮನುಷ್ಯ ಹೇಳುವ ವಿಷಯ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಹೀಗೇ ಆಗುವುದು.

ಹೂಸ್ಟನ್ ಹೇಮಾ:

ಆದರೆ ಆ ಗೆರೆ ಈಗ ಜರುಗುತ್ತಿದೆಯಲ್ಲ. 2021ರಿಂದ ‘ರೀಪ್ಲೇ ಅಸಿಸ್ಟ್’ ಬಂದಿದೆ. ಆಟ ನಿಲ್ಲಿಸದೆ, ಬಾವುಟ ಇಲ್ಲದೆ, ಮೇಲಿನವರು ಕೆಳಗಿನವರ ಕಿವಿಗೆ ಸರಿಯಾದದ್ದನ್ನು ಹೇಳುತ್ತಾರೆ. 2025ರಲ್ಲಿ ಫೇಸ್‌ಮಾಸ್ಕ್ (ಹೆಲ್ಮೆಟ್‌ನ ಮುಂದಿನ ಜಾಲರಿ) ಹಿಡಿದದ್ದು, ಕಾಲು ಕೊಟ್ಟು ಬೀಳಿಸಿದ್ದು ಇಂಥ ಕೆಲವು ತಪ್ಪುಗಳಲ್ಲೂ, ಹಾಕಿದ ಬಾವುಟ ಸ್ಪಷ್ಟವಾಗಿ ತಪ್ಪಾಗಿದ್ದರೆ ಎತ್ತಿಸಬಹುದು ಅಂತ ಮಾಡಿದರು. ಹಾಕದ ಬಾವುಟ ಹಾಕಿಸುವ ಹಾಗಿಲ್ಲ. ಅಂದರೆ ನ್ಯೂ ಆರ್ಲಿಯನ್ಸ್‌ನಲ್ಲಿ ಆದದ್ದು ನಾಳೆ ಮತ್ತೆ ಆದರೂ ಯಾರೂ ಏನೂ ಮಾಡಲಾಗುವುದಿಲ್ಲ. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ, ಅಷ್ಟೇ.

ಬಫಲೋ ಭಟ್ಟ:

ತಡವಾಗಿ ಬಂದೆ, ಕ್ಷಮಿಸಿ. ನನ್ನದೂ ಒಂದು ಗಾಯ ಇದೆ.

2025ರ ಜನವರಿ 26, ಕ್ಯಾನ್ಸಸ್ ಸಿಟಿ. ನಮ್ಮ ಬಫಲೋ ಬಿಲ್ಸ್ ಆಟ. ನಾಲ್ಕನೇ ಕ್ವಾರ್ಟರ್ ಶುರು, ನಾವು 22-21ರಲ್ಲಿ ಮುಂದೆ. ನಾಲ್ಕನೇ ಡೌನ್, ಒಂದು ಯಾರ್ಡ್‌ಗಿಂತ ಕಡಿಮೆ. ಜಾಶ್ ಅಲೆನ್ ನುಗ್ಗಿದ. ಒಂದು ಕಡೆಯಿಂದ ಓಡಿ ಬಂದ ತೀರ್ಪುಗಾರರ ಕಾಲು ಗೆರೆ ಆಚೆ ಇತ್ತು, ಇನ್ನೊಂದು ಕಡೆಯವರದು ಈಚೆ. ಈಚೆಯದೇ ನಿಂತಿತು. ರೀಪ್ಲೇ ನೋಡಿದರು. ಗುಡ್ಡೆಯೊಳಗೆ ಚೆಂಡೇ ಕಾಣುತ್ತಿಲ್ಲ. ತೀರ್ಪು ಇದ್ದ ಹಾಗೇ ಉಳಿಯಿತು. 32-29ರಲ್ಲಿ ಸೋತೆವು.

ಅದೇ ವರ್ಷದ ಸೀಸನ್‌ನಿಂದ, ಹತ್ತು ಯಾರ್ಡ್ ಅಳೆಯುವ ಚೈನ್ ಬದಲು ಹಾಕ್-ಐ ಬಂತು, ಮೇಷ್ಟ್ರಿಗೆ ಗೊತ್ತಿರುವ ಅದೇ ಹಾಕ್-ಐ. ಪ್ರತಿ ಸ್ಟೇಡಿಯಂನಲ್ಲಿ ಆರು 8ಕೆ ಕ್ಯಾಮೆರಾ. ಜನ ಏನಂದುಕೊಂಡಿದ್ದಾರೆ ಅಂದರೆ ಚೆಂಡು ಎಲ್ಲಿಗೆ ಮುಟ್ಟಿತು ಅಂತ ಅದು ಹೇಳುತ್ತದೆ ಅಂತ. ಇಲ್ಲ! ಚೆಂಡನ್ನು ಎಲ್ಲಿ ಇಡಬೇಕು ಅಂತ ಹೇಳುವುದು ಈಗಲೂ ಓಡಿ ಬಂದ ಮನುಷ್ಯನ ಕಾಲು. ಅವರು ಇಟ್ಟ ಮೇಲೆ, ಅಲ್ಲಿಂದ ಗೆರೆಗೆ ಎಷ್ಟು ದೂರ ಅನ್ನುವುದನ್ನಷ್ಟೇ ಕ್ಯಾಮೆರಾ ಅಳೆಯುತ್ತದೆ. ಚೈನ್ ಎಳೆದುಕೊಂಡು ಬರುವ ಸಮಯ ಉಳಿಯಿತು. ಅಲೆನ್‌ನದು ನಾಳೆ ಮತ್ತೆ ಆದರೂ ಉತ್ತರ ಅದೇ.

ಗೆರೆ ಮೇಲೆ ನಿಂತವಳು:

ಭಟ್ರೇ, ನೀವು ಹೇಳಿದ್ದು ಪೂರ್ತಿ ನಿಜ. ಎರಡು ಕಡೆಯಿಂದ ಓಡಿ ಬಂದು ನಡುವೆ ಸೇರುವಾಗ ಇಬ್ಬರ ಕಾಲೂ ಒಂದೇ ಗೆರೆಗೆ ಬರುವುದು ಅಪರೂಪ. ಒಬ್ಬರು ಇನ್ನೊಬ್ಬರ ಕಡೆ ನೋಡುತ್ತೇವೆ. ಚೆಂಡು ಯಾರ ಕಡೆಗೆ ಮುಖ ಮಾಡಿತ್ತೋ ಅವರ ಮಾತಿಗೆ ಬೆಲೆ. ಇದೆಲ್ಲ ಎರಡು ಸೆಕೆಂಡಿನ ಕೆಲಸ. ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಅಲ್ಲಿ ನಿಂತವರು ಸುಮ್ನೆ ಏನೋ ಒಂದು ಹೇಳಿದರು ಅಂತ ಮಾತ್ರ ಅಂದುಕೊಳ್ಳಬೇಡಿ.

ಮೈಸೂರು ಮೇಷ್ಟ್ರು:

ಇನ್ನೊಂದು ಮಾತು. ಮೇಲೆ ಕೂತು ತೀರ್ಪು ಕೊಡುವವರೂ ಮನುಷ್ಯರೇ. 2006ರಲ್ಲಿ ಆರೆಗಾನ್-ಓಕ್ಲಹೋಮಾ ಕಾಲೇಜು ಆಟದಲ್ಲಿ ಆನ್‌ಸೈಡ್ ಕಿಕ್ (ಚೆಂಡು ತಮಗೇ ಸಿಗಲಿ ಅಂತ ಹತ್ತಿರಕ್ಕೆ ಒದೆಯುವುದು) ಒಂದನ್ನು ರೀಪ್ಲೇ ನೋಡಿಯೂ ತಪ್ಪು ಹೇಳಿದರು. ಓಕ್ಲಹೋಮಾ 33-34ರಲ್ಲಿ ಸೋತಿತು. ಆ ಆಟದ ತೀರ್ಪುಗಾರರನ್ನೆಲ್ಲ ಒಂದು ಆಟಕ್ಕೆ ಅಮಾನತು ಮಾಡಿದರು. ಮೇಲೆ ಕೂತಿದ್ದ ರೀಪ್ಲೇ ಅಧಿಕಾರಿಯ ಮನೆಗೆ ಬೆದರಿಕೆ ಫೋನ್‌ಗಳು ಬಂದವು. ಆಗ ಮಗಳು ಅಲ್ಲಿ ಓದುತ್ತಿದ್ದಳು, ಫೋನಿನಲ್ಲಿ ಹೇಳಿದ್ದಳು. ಒಂದು ಚೆಂಡಿಗೆ ಒಬ್ಬರ ಮನೆಯವರು ಹೆದರಿ ಬದುಕುವ ಹಾಗಾಗಬಾರದು.

ತುಮಕೂರು ಟು ಟೆಕ್ಸಸ್:

ಮೇಷ್ಟ್ರೇ, ನೂರಕ್ಕೆ ನೂರು ಒಪ್ಪಿದೆ. ನಾನು ರೆಫರಿಗಳನ್ನು ದೂರುತ್ತಿಲ್ಲ. ಸ್ಟೆರಟೋರ್ ಬಗ್ಗೆ ಇನ್ನಷ್ಟು ಹೇಳಿದರೆ ನನ್ನ ಮಾತು ಸ್ಪಷ್ಟವಾಗಬಹುದು.

2010ರ ಸೆಪ್ಟೆಂಬರ್‌ನಲ್ಲಿ ಶಿಕಾಗೋದಲ್ಲಿ ಡೆಟ್ರಾಯಿಟ್‌ನ ಕ್ಯಾಲ್ವಿನ್ ಜಾನ್ಸನ್ ಕೊನೆಯ ಅರ್ಧ ನಿಮಿಷದಲ್ಲಿ ಎಂಡ್ ಜೋನ್‌ನಲ್ಲಿ (ಗೋಲ್ ಗೆರೆಯ ಆಚೆ) ಚೆಂಡು ಹಿಡಿದ. ಎರಡು ಕಾಲು, ಹಿಂಭಾಗ, ಎಲ್ಲ ನೆಲಕ್ಕೆ ಬಂತು. ಏಳುವಾಗ ಚೆಂಡು ಊರಿದ ಕೈಯಿಂದ ಜಾರಿತು. ಹಿಡಿದಿಲ್ಲ ಅಂದರು, ರೀಪ್ಲೇ ನೋಡಿದರೂ ಅದೇ ನಿಂತಿತು. ಡೆಟ್ರಾಯಿಟ್ 14-19ರಲ್ಲಿ ಸೋತಿತು. ಅವತ್ತಿನ ರೆಫರಿ ಸ್ಟೆರಟೋರ್. ನಾಲ್ಕು ವರ್ಷ ಚಿಲ್ಲರೆ ಕಳೆದ ಮೇಲೆ ನಮ್ಮ ಡೆಜ್ ಆಟಕ್ಕೂ ಅವರೇ. ಇಬ್ಬರ ವಿಷಯದಲ್ಲೂ ಅವರು ನಿಯಮ ಓದಿದ ಹಾಗೇ ನಡೆದರು.

ಈಗ 2017ರ ಡಿಸೆಂಬರ್ 17ಕ್ಕೆ ಬನ್ನಿ. ಆ ವರ್ಷದಿಂದ ಕೊನೆಯ ಮಾತು ಮೈದಾನದ ರೆಫರಿಯದ್ದಲ್ಲ, ನ್ಯೂಯಾರ್ಕ್ ಕೋಣೆಯದ್ದು. ಪರದೆ ಪೆಟ್ಟಿಗೆ ಹೋಗಿ ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ ಬಂದಿತ್ತು. ಅವತ್ತು ಸಂಜೆ ಪಿಟ್ಸ್‌ಬರ್ಗ್‌ನಲ್ಲಿ ಸ್ಟೀಲರ್ಸ್‌ನ ಜೆಸ್ಸಿ ಜೇಮ್ಸ್ ಚೆಂಡು ಹಿಡಿದು, ಮೊಣಕಾಲು ಊರಿ, ತಿರುಗಿ ಗೋಲ್ ಗೆರೆ ದಾಟಿಸಿದ. ಟಚ್‌ಡೌನ್ ಕೊಟ್ಟರು. ಅರ್ಧ ನಿಮಿಷವೂ ಉಳಿದಿರಲಿಲ್ಲ. ನ್ಯೂಯಾರ್ಕ್‌ನವರು ನಿಧಾನಕ್ಕೆ ನೋಡಿದರು. ನೆಲಕ್ಕೆ ಬಿದ್ದಾಗ ಚೆಂಡು ಕೈಯಲ್ಲಿ ಚೂರು ಹೊರಳಿತ್ತು. ಹಿಡಿದಿಲ್ಲ ಅಂದರು. ಪೇಟ್ರಿಯಟ್ಸ್ 27-24.

ಅದೇ ರಾತ್ರಿ ಓಕ್‌ಲ್ಯಾಂಡ್‌ನಲ್ಲಿ ನಮ್ಮ ಕೌಬಾಯ್ಸ್ ಆಟ, ರೆಫರಿ ಸ್ಟೆರಟೋರ್. ನಾಲ್ಕನೇ ಡೌನ್, ಚೈನ್ ತಂದು ಎಳೆದರು. ಚೆಂಡಿನ ಮೂಗಿಗೂ ಕೋಲಿಗೂ ನಡುವೆ ಜಾಗ ಇದೆಯೋ ಇಲ್ಲವೋ. ಅವರು ಜೇಬಿನಿಂದ ಒಂದು ಕಾರ್ಡ್ ತೆಗೆದು, ಮಡಚಿ, ಬಗ್ಗಿ, ಆ ಸಂದಿಯಲ್ಲಿ ಇಟ್ಟು ನೋಡಿದರು. ಫಸ್ಟ್ ಡೌನ್ (ಹತ್ತು ಯಾರ್ಡ್ ಆಯಿತು) ಅಂತ ಕೈ ತೋರಿಸಿದರು! ಕಣ್ಣಿನಲ್ಲಿ ಮೊದಲೇ ನೋಡಿ ತೀರ್ಮಾನಿಸಿದ್ದೆ, ಕಾರ್ಡ್ ಬರೀ ಖಾತ್ರಿಗೆ ಅಂತ ಆಮೇಲೆ ಹೇಳಿದರು. ಒಂದೇ ದಿನ, ಒಂದು ಕಡೆ ಚೆಂಡು ಕೂದಲೆಳೆಯಷ್ಟು ಹೊರಳಿದ್ದನ್ನು ಹುಡುಕುವ ಕೋಣೆ, ಇನ್ನೊಂದು ಕಡೆ ಮಡಚಿದ ಕಾರ್ಡ್.

ಮೂರು ತಿಂಗಳಿಗೆ ನಿಯಮ ಬದಲಾಯಿತು. 2018ರ ಮಾರ್ಚ್‌ನಲ್ಲಿ ‘ನೆಲ ಮುಟ್ಟಿ ಮುಗಿಯುವವರೆಗೂ’ ಅನ್ನುವುದನ್ನು ತೆಗೆದರು. ಈಗ ಚೆಂಡು ಹತೋಟಿಯಲ್ಲಿರಬೇಕು, ಎರಡು ಕಾಲು ಅಥವಾ ಮೈಯ ಬೇರೆ ಭಾಗ ಒಳಗೆ ಊರಬೇಕು, ಆಮೇಲೆ ಮೂರನೇ ಹೆಜ್ಜೆಯೋ ಕೈ ಚಾಚುವುದೋ ಇಂಥ ಒಂದು ಕೆಲಸ ಮಾಡಬೇಕು, ಇಲ್ಲ ಮಾಡುವಷ್ಟು ಹೊತ್ತು ಚೆಂಡು ಇಟ್ಟುಕೊಂಡಿರಬೇಕು. ಈ ಅಳತೆಯಲ್ಲಿ ಡೆಜ್ ಹಿಡಿದಿದ್ದ. ಜೇಮ್ಸ್ ಕೂಡ. ಟಾಮ್ ಬ್ರೇಡಿಯ ‘ಟಕ್ ರೂಲ್’ (ಎಸೆಯಲು ಚಾಚಿದ ಕೈಯನ್ನು ಹಿಂದಕ್ಕೆ ತರುವಾಗ ಚೆಂಡು ಜಾರಿದರೂ ಅದು ಎಸೆತವೇ ಅನ್ನುವ ನಿಯಮ) ಕೂಡ ಹೀಗೇ ಅಲ್ವಾ? 2002ರ ಜನವರಿಯಲ್ಲಿ ಹಿಮದಲ್ಲಿ ರೈಡರ್ಸ್ ಕೈಗೆ ಬಂದಿದ್ದ ಫಂಬಲನ್ನು ರೀಪ್ಲೇ ತಿರುಗಿಸಿತು, ನಿಯಮದ ಪ್ರಕಾರ ಸರಿ. 2013ರಲ್ಲಿ ಆ ನಿಯಮವನ್ನೇ ಕಿತ್ತು ಹಾಕಿದರು. ತೀರ್ಪು ಸರಿ ಇತ್ತು, ನಿಯಮ ತಪ್ಪಿತ್ತು, ಸೋತವರಿಗೆ ಮಾತ್ರ ಏನೂ ವಾಪಸ್ ಬರಲಿಲ್ಲ.

ಗೆರೆ ಮೇಲೆ ನಿಂತವಳು:

ಈಗ ನಿಮ್ಮ ಮಾತು ಅರ್ಥವಾಯಿತು. 2018ರ 'ಮೂರನೇ ಹೆಜ್ಜೆ' ನನಗೆ ಇಷ್ಟ. ಹೆಜ್ಜೆ ಎಣಿಸಬಹುದು. ಓಡುತ್ತಾ ಓಡುತ್ತಾ ನಾನೂ ಎಣಿಸಬಲ್ಲೆ.

ಹಾಸನದ ಹೊಸಬ:

ಸರ್, ಅಕ್ಕ, ಒಂದು ವಿಷಯ ಹೇಳಲೇಬೇಕು. ಊರಿಗೆ ಬಂದಿದ್ದೇನೆ. ನಿನ್ನೆ ರಾತ್ರಿ ಊಟ ಆದ ಮೇಲೆ ಜೆಸ್ಸಿ ಜೇಮ್ಸ್ ವಿಡಿಯೋ ಫೋನಿನಲ್ಲಿ ಅಪ್ಪನಿಗೆ ತೋರಿಸಿದೆ. ಅವರು ಈ ಆಟ ಒಂದು ದಿನವೂ ನೋಡಿದವರಲ್ಲ. ನಿಯಮ ಏನೂ ಹೇಳಲಿಲ್ಲ. ಪೂರ್ತಿ ವೇಗದಲ್ಲಿ ಹಾಕಿ, ‘ಹಿಡಿದನಾ?’ ಅಂತ ಕೇಳಿದೆ. ‘ಹಿಡಿದನಲ್ಲ, ಅದರಲ್ಲೇನು ಕೇಳುವುದು’ ಅಂದರು. ಆಮೇಲೆ ನಿಧಾನ ಮಾಡಿ ಹಾಕಿದೆ. ಚೆಂಡು ನೆಲಕ್ಕೆ ತಗುಲುವ ಜಾಗ ಬಂದಾಗ ಕನ್ನಡಕ ಹಾಕಿಕೊಂಡರು. ಫೋನನ್ನು ಕೈಗೆ ತೆಗೆದುಕೊಂಡು ಮುಖದ ಹತ್ತಿರ ಹಿಡಿದರು. ‘ಇಲ್ಲ ಕಣೋ, ಬಿಟ್ಟ’ ಅಂದರು.

ಐದು ನಿಮಿಷ ಬಿಟ್ಟು ಒಳಗಿನಿಂದ ಕೂಗಿ, ‘ಮೊದಲು ತೋರಿಸಿದೆಯಲ್ಲ, ಆ ಥರ ಇನ್ನೊಂದು ಸಲ ಹಾಕು’ ಅಂದರು.